ಎರಡು ಗ್ರಾಂ

ಮಿನೋಬೆ ಶೂಗೊನ ಮುಖ ನಾನು ಕಂಡಿದ್ದು ಎರಡೇ ಸಲ.
ಅಂಗೈ ಮಾತ್ರ ಚೆನ್ನಾಗಿ ಬಲ್ಲೆ:
ಹದಿನಾರು ವರ್ಷ ಅದರ ಅಳತೆಗೆ
ಮರ ಕಡೆದಿದ್ದೇನೆ.

ಫುಕುಮಿತ್ಸುವಿನಲ್ಲಿ ಹಿಮ ಆಳೆತ್ತರ ಬಿದ್ದು
ಊರು ಬಾಯಿ ಮುಚ್ಚಿಕೊಂಡಾಗ
ನನ್ನ ಲೇತಿಗೆ ಮಾತು ಬರುತ್ತದೆ.
ಆಗಲೇ ಬರುತ್ತವೆ ಚೀಟಿಗಳೂ,
ಬರುವ ವಸಂತಕ್ಕೆ ಯಾರಿಗೆ ಎಷ್ಟು ಉದ್ದ, ಎಷ್ಟು ತೂಕ.

ಅವನ ಮೊದಲ ಚೀಟಿ, ಹುಡುಗು ಬರಹ:
ಒಂಬೈನೂರ ನಲವತ್ತು ಗ್ರಾಂ. ಹಿಡಿ ಸಪೂರ.
ನಕ್ಕೆ. ಹದಿನೆಂಟರವರೆಲ್ಲ ಹೀಗೇ,
ಭಾರ ಬೀಸಿದರೆ ಚೆಂಡು ಸಮುದ್ರ ದಾಟುತ್ತದೆ ಅಂತ.
ಎರಡು ವರ್ಷ ಎರಡನೇ ತಂಡದಲ್ಲಿ ಕೊಳೆತ.
ಖಾಲಿ ಬೆಂಚು, ನಡುಮಧ್ಯಾಹ್ನದ ಬಿಸಿಲು,
ಕಾಗೆಗಳ ಮುಂದೆ ಆಟ.
ಮುರಿದು ಬಂದವು ನಲವತ್ತೊಂದು ಬ್ಯಾಟು,
ಎಲ್ಲವೂ ಹಿಡಿಯ ಹತ್ತಿರವೇ.
ಚೆಂಡು ಮೈಮೇಲೆ ಬರುತ್ತಿದೆ, ಹುಡುಗನಿಗೆ ಹೆದರಿಕೆ.
ಮರ ಚಾಡಿ ಹೇಳುತ್ತದೆ.

ಮೂರನೆಯ ವರ್ಷ: ಒಂಬೈನೂರ ಇಪ್ಪತ್ತು.
ಇಳಿದದ್ದು ಇಪ್ಪತ್ತೇ ಗ್ರಾಂ,
ಒಂದು ಗುಬ್ಬಿಯ ತೂಕವೂ ಅಲ್ಲ.
ಆ ಗುಬ್ಬಿ ಹಾರಿದ್ದೇ ತಡ
ಚೆಂಡುಗಳು ಅದರ ಬೆನ್ನು ಹತ್ತಿದವು.

ಸರಾಸರಿ ಮುನ್ನೂರ ಇಪ್ಪತ್ತೆರಡು!
ನೂಡಲ್ಸ್ ಅಂಗಡಿಯ ಟೀವಿಯಲ್ಲಿ
ತಣ್ಣನೆ ಚಹಾದ ಬಾಟಲಿ ಹಿಡಿದು ನಿಂತ.
ನನ್ನ ಹೆಂಡತಿ ಹಿಸಾಯೊ, ಆಟದ ಗಂಧಗಾಳಿ ಇಲ್ಲದವಳು,
"ಮುನ್ನೂರು ಅಂದರೆ ಎಷ್ಟಕ್ಕೆ?"
ಸಾವಿರಕ್ಕೆ.
"ಅಂದರೆ ಹತ್ತರಲ್ಲಿ ಏಳು ಸಲ ಸೋಲು?"
ಹ್ಞೂಂ.
"ಅದಕ್ಕೆ ಅಷ್ಟು ದುಡ್ಡು ಕೊಡುತ್ತಾರಾ?"
ಏನು ಹೇಳಲಿ. ನಾನೂ ಹತ್ತು ದಿಮ್ಮಿಗಳಲ್ಲಿ
ಏಳನ್ನು ಒಲೆಗೆ ಹಾಕುವವನು.

ಐದು ವರ್ಷ ಹಾಗೇ ನಡೆಯಿತು.
ಚೀಟಿ ನಿಂತಿತು; ವರ್ಷಕ್ಕೊಂದು ಫೋನು,
"ಹಿಂದಿನಂತೆಯೇ."
ಗಿರಾಕಿಯ ಬಾಯಲ್ಲಿ ಇದಕ್ಕಿಂತ ಸಿಹಿ ಮಾತಿಲ್ಲ.

ಮಣಿಕಟ್ಟಿಗೆ ಚೆಂಡು ಬಡಿದದ್ದು ಜೂನಿನ ಜಿಟಿಜಿಟಿಯಲ್ಲಿ.
ಎಲುಬು ಕೂಡಿತು. ಕಾಲ ಕೂಡಲಿಲ್ಲ.
ಆಮೇಲೆ ಶುರುವಾಯಿತು ನೋಡಿ,
ಒಂಬೈನೂರ ಹತ್ತು. ಅಲ್ಲ, ಐದು. ಹಿಡಿ ದಪ್ಪ ಮಾಡಿ.
ಅವೊದಮೊ ಬೇಡ, ಮೇಪಲ್. ಮೇಪಲ್ ಕೈ ಕುಟುಕುತ್ತದೆ,
ಮೊದಲಿನ ಮರವೇ ಇರಲಿ, ಆದರೆ ತುದಿ ತೋಡಿ.
ರಾತ್ರಿ ಹನ್ನೊಂದಕ್ಕೆ ಫೋನು. ಮೊದಲು ಬರೀ ಉಸಿರು.
"ಕಳೆದ ಸಲದ್ದು ಎರಡು ಗ್ರಾಂ ಹೆಚ್ಚಿದೆಯಲ್ಲವೇ?"
ತರಿಸಿಕೊಂಡು ತೂಗಿದೆ. ಇರಲಿಲ್ಲ.
ಇದೆ, ಕ್ಷಮಿಸಿ, ಅಂದೆ.
ಅದೇ ಬ್ಯಾಟನ್ನು ಒರೆಸಿ, ಹೊಸ ಕಾಗದ ಸುತ್ತಿ ಕಳಿಸಿದೆ.
ಆ ವಾರ ಒಂಬತ್ತು ಸಲ ತಾಗಿಸಿದ.
ಹತ್ತನೆಯ ದಿನ ಮತ್ತೆ ಫೋನು.

ಉತ್ತರದ ಚಳಿಯೂರಿನ ತಂಡವೊಂದು ಅಗ್ಗಕ್ಕೆ ಕೊಂಡಿತು,
ಬೆಂಚಿನ ಮೂಲೆಯಲ್ಲಿಟ್ಟಿತು, ಕೊಡೆಯ ಹಾಗೆ.
ಒಂದು ಸೆಪ್ಟೆಂಬರ್ ರಾತ್ರಿ, ಕೊನೆಯ ಸರದಿ, ಬದಲಿಯಾಗಿ ಬಂದವನು
ಮೊದಲ ಎಸೆತವನ್ನೇ ಗೋಡೆಯಾಚೆ ಕಳಿಸಿದ.
ರೇಡಿಯೋ ಕೂಗಿತು. ನಾನು ಉಳಿ ಕೆಳಗಿಟ್ಟು
ಹಿಸಾಯೊಳನ್ನು ಎಬ್ಬಿಸಿದೆ, ಬೈಸಿಕೊಂಡೆ.
ಮರುವರ್ಷ ಇನ್ನೂರ ಎಂಟು. ಅದರ ಮರುವರ್ಷ ಹೆಸರೇ ಇಲ್ಲ.

ಅಕ್ಟೋಬರಿನ ಕೊನೆಗೆ ಬಸ್ಸಿಳಿದು ಬಂದ.
ಹೊಸಬರನ್ನೆಲ್ಲ ಕಾರ್ಖಾನೆ ತೋರಿಸಲು ಕರೆತಂದಿದ್ದಾಗ
ಹಿಂದೆ ನಿಂತು ಮರದ ಸುರುಳಿ ಜೇಬಿಗೆ ತುಂಬಿದ್ದವನು
ಈಗ ತಲೆಯಲ್ಲಿ ಅದೇ ಬಣ್ಣದ ನರೆ.
ತಂಡ ಬಿಟ್ಟವರಿಗೆ ಪರೀಕ್ಷೆಯಂತೆ, ನವೆಂಬರಿನಲ್ಲಿ,
ನಾಲ್ಕು ಸಲ ಬ್ಯಾಟು ಹಿಡಿಯಲು ಬಿಡುತ್ತಾರಂತೆ.
ದಿಮ್ಮಿಗಳನ್ನು ಒಂದೊಂದೇ ಕಿವಿಗಿಟ್ಟು ತಟ್ಟಿ ಆರಿಸಿದ.
"ಒಂಬೈನೂರ ನಲವತ್ತು. ಹಿಡಿ ಸಪೂರ."
ಈ ಸಲ ನಾನು ನಗಲಿಲ್ಲ.
ಹಿಸಾಯೊ ಒಣ ಪರ್ಸಿಮನ್ ಹಣ್ಣು ಕೊಟ್ಟಳು. ಎರಡು ತಿಂದ.

ಡಿಸೆಂಬರಿನಲ್ಲಿ ಪಾರ್ಸೆಲು. ಒಳಗೆ ಪತ್ರವಿಲ್ಲ.
ಮುರಿದಿದ್ದರೆ ಊಟದ ಕಡ್ಡಿಯಾದರೂ ಮಾಡುತ್ತಾರೆ;
ಇದು ಮುರಿದಿರಲಿಲ್ಲ.
ಸರಿಯಾದ ಜಾಗದಲ್ಲಿ, ಅರ್ಧ ಬೆರಳಿನಷ್ಟೂ ಆಚೀಚೆಯಿಲ್ಲದೆ,
ಚೆಂಡಿನ ಹೊಲಿಗೆಯ ಒಂದೇ ಕೆಂಪು ಗುರುತು.
ತಾಗಿದ್ದು ಎಲ್ಲಿ, ಮರ ಹೇಳುತ್ತದೆ.
ಹೋದದ್ದು ಎಲ್ಲಿಗೆ, ಹೇಳುವುದಿಲ್ಲ.

ಅಭ್ಯಾಸಬಲ, ತಕ್ಕಡಿಗೆ ಇಟ್ಟೆ.
ಒಂಬೈನೂರ ಮೂವತ್ತೆಂಟು.
ಒಣಗಿರಬೇಕು. ಅಥವಾ ನಾನೇ ತಪ್ಪಿದೆನೋ.
ಹಿಮ ಶುರುವಾಗಿದೆ, ಹನ್ನೊಂದು ಗಂಟೆ,
ಅವನ ನಂಬರು ಹುಡುಕಿಟ್ಟು
ಫೋನಿನ ಹತ್ತಿರ ಕೂತಿದ್ದೇನೆ.