ಕೂಗಳತೆ

ಡೌನ್‌ಟೌನ್ ನಮ್ಮ ಬೀದಿಗೆ ಕೂಗಳತೆಯ ದೂರ.
ಕೂಗುವವರು ಮಾತ್ರ ಯಾವಾಗಲೂ ಆ ಕಡೆಯವರೇ:
ಆಂಬುಲೆನ್ಸು, ಗೂಡ್ಸ್ ರೈಲು,
ಹಾಕಿ ಪಂದ್ಯ ಗೆದ್ದ ರಾತ್ರಿಯ ನೂರು ಹಾರನ್ನು.
ನಾವು ಕೂಗಿದ್ದಿಲ್ಲ. ಕೂಗಿದರೂ
ಮೂವತ್ತನೆಯ ಮಹಡಿಯ ಗಾಜು
ತೆರೆಯುವ ಜಾತಿಯದಲ್ಲ.

ವಿನಿಪೆಗ್. ಜನವರಿ.
ಮೂಗಿನೊಳಗಿನ ಕೂದಲು
ಒಂದೊಂದೂ ಬೇರೆಬೇರೆಯಾಗಿ ಗೊತ್ತಾಗುವ ಚಳಿ.
ತೆಸ್ಫಾಯೆ ಟ್ಯಾಕ್ಸಿಯ ಮೂತಿಯಿಂದ ತಂತಿ ಎಳೆದು
ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾನೆ,
ದನ ಕಟ್ಟಿದ ಹಾಗೆ.
ಬೆಳಗ್ಗೆ ಬಿಚ್ಚುವಾಗ ಬಾನೆಟ್ಟಿಗೆ ಎರಡು ತಟ್ಟು.
ಒಮ್ಮೆ ಬಿಚ್ಚಲು ಮರೆತು ಹೊರಟು
ಗೋಡೆಯ ಹಲಗೆಯೊಂದನ್ನೂ ಜೊತೆಗೆ ಕರೆದೊಯ್ದ.

ಗೋಡೆ ಪರಸ್ಕಾಳದು. ಮನೆ ನಮ್ಮೆಲ್ಲರದು, ತಿಂಗಳಿಗಿಷ್ಟು ಎಂದು.
ಸಾವಿರದ ಒಂಬೈನೂರ ಹನ್ನೊಂದರಲ್ಲಿ
ಗೋಧಿ ವ್ಯಾಪಾರಿಯೊಬ್ಬ ಒಂದೇ ಸಂಸಾರಕ್ಕೆ ಕಟ್ಟಿದ್ದಂತೆ;
ಈಗ ಬಾಗಿಲಿಗೆ ಐದು ಟಪಾಲು ಪೆಟ್ಟಿಗೆ.
ಅವನ ಊಟದ ಕೋಣೆಯಲ್ಲಿ ಲುಸ್ವಿಮಿಂಡ
ಹಗಲಿಡೀ ನಿದ್ದೆ ಮಾಡುತ್ತಾಳೆ,
ನೆತ್ತಿಯ ಮೇಲೆ ಗಾರೆಯ ದ್ರಾಕ್ಷಿಗೊಂಚಲು.
ಮೂರು ದ್ವೀಪಗಳ ಹೆಸರು ಕತ್ತರಿಸಿ ಹೊಲಿದ ಹೆಸರು ನನ್ನದು ಎಂದಿದ್ದಳು,
ಆಸ್ಪತ್ರೆಯ ಚಾದರ ಮಡಿಸಿ ಬಂದ ಕೈಯಲ್ಲಿ
ಗಾಳಿಗೆ ಮೂರು ಹೊಲಿಗೆ ಹಾಕಿ.
ನಾನು ಅಟ್ಟದವನು. ನನ್ನ ಸೂರು ಇಳಿಜಾರು.
ನೆಟ್ಟಗೆ ನಿಲ್ಲಬಹುದಾದ ಜಾಗ ಒಂದೇ,
ಅಲ್ಲಿ ಒಲೆ ಇಟ್ಟಿದ್ದೇನೆ.

ರಾತ್ರಿ ರೇಡಿಯೇಟರಿನ ಕೊಳವೆ ಟಕಟಕ ಎನ್ನುತ್ತದೆ.
ಕೆಳಗಿನವರು ಬಡಿದರೆಂದೇ ತಿಳಿದು
ಒಮ್ಮೆ ನಾನೂ ಚಮಚದಿಂದ ಬಡಿದೆ.
ಮರುದಿನ ಬಾಗಿಲಲ್ಲಿ
ಒಂದು ಪಾತ್ರೆ ಬೀಟ್‌ರೂಟ್ ಸಾರು.

ಎಲ್ಮ್ ಮರಕ್ಕೆ ಆಗಸ್ಟಿನಲ್ಲೇ
ನಗರಸಭೆಯ ಹುಡುಗಿಯೊಬ್ಬಳು ಬಂದು
ಕಿತ್ತಳೆ ಬಣ್ಣದ ಬೊಟ್ಟಿಟ್ಟು ಹೋಗಿದ್ದಳು.
ಈ ಬೊಟ್ಟು ಮದುವೆಗಲ್ಲ.
ಜೀರುಂಡೆ ತಂದ ರೋಗ, ಬೇರಿನಿಂದ ಬೇರಿಗೆ
ಬಾಡಿಗೆ ಏರಿದ ಸುದ್ದಿಯ ಹಾಗೆ ಹಬ್ಬುತ್ತದಂತೆ.
ಪರಸ್ಕಾ ಜಗಳಕ್ಕೆ ಹೋಗಲಿಲ್ಲ.
ಗುಲಾಬಿ ಹೂವಿನ ತನ್ನ ಶಾಲು ತಂದು
ಬೊಟ್ಟಿನ ಮೇಲೆ ಹೊದಿಸಿದಳು.
ಸುತ್ತು ಸಾಲಲಿಲ್ಲ; ತೆಸ್ಫಾಯೆ ಹಳೆಯ ತಂತಿ ಕೊಟ್ಟ.
ಬಚ್ಚಿಟ್ಟದ್ದಲ್ಲ ಅದು,
ಜ್ವರ ಬಂದವರಿಗೆ ಹೊದಿಸಿದ್ದು.

ನಿನ್ನೆ ಲಾರಿ ಬಂತು.
ನಾಲ್ವರು ಇಳಿದರು. ತಂತಿ ಬಿಚ್ಚಿ ಸುರುಳಿ ಸುತ್ತಿದರು,
ಶಾಲಿನ ಹಿಮ ಕೊಡವಿ ನಾಲ್ಕು ಮಡಿಕೆ ಮಾಡಿ
ಮೆಟ್ಟಿಲ ಕಂಬಿಯ ಮೇಲಿಟ್ಟರು.
ಅಷ್ಟು ಮರ್ಯಾದಸ್ಥರು.
ಆಮೇಲೆ ಗರಗಸ.
ಲುಸ್ವಿಮಿಂಡ ಏಳಲಿಲ್ಲ, ಅವಳ ಕನಸಿನಲ್ಲಿ
ಯಾವುದೋ ದೋಣಿ ಬಹಳ ಹೊತ್ತು
ದಡ ಬಿಡಲಾರದೆ ಗುರುಗುಟ್ಟಿತಂತೆ.
ಎರಡು ಗಂಟೆಗೆ ನಮ್ಮ ಬೀದಿಯಲ್ಲಿ
ಹಿಂದೆಂದೂ ಇರದಷ್ಟು ಆಕಾಶ.

ರಾತ್ರಿ ಪಾತ್ರೆ ಮರಳಿಸಲು ಇಳಿದರೆ
ಅಡುಗೆಮನೆಯಲ್ಲಿ ದೀಪವಿಲ್ಲ, ಬೆಳಕಿದೆ.
ಬ್ಯಾಂಕಿನ ಗೋಪುರದ ಕೆಂಪು ಅಂಕಿ
ಅಡ್ಡಿಯಿಲ್ಲದೆ ನೇರ ಒಳಗೆ ಬಂದು
ಮೇಜಿನ ಮೇಲೆ ಕೂತಿದೆ. ಮೈನಸ್ ಮೂವತ್ತೊಂದು.
ಆ ಕೆಂಪಿನಲ್ಲೇ ಬೆಳ್ಳುಳ್ಳಿ ಸುಲಿಯುತ್ತ ಪರಸ್ಕಾ,
'ಕರೆಂಟು ಉಳಿಯಿತು' ಎಂದಳು.
ಪರದೆ ಹಾಕಲೇ ಎಂದೆ. ಬೇಡವೆಂದಳು.
ಸ್ವಲ್ಪ ಹೊತ್ತು ಅಂಕಿಯನ್ನೇ ನೋಡಿ,
'ಸುಳ್ಳು. ಮೂವತ್ತನಾಲ್ಕಿದೆ,
ನನ್ನ ಮೊಣಕಾಲಿಗೆ ಗೊತ್ತು.'

ಎದ್ದಳು. ಕಿಟಕಿಯ ಚೌಕಟ್ಟಿನ ಕೆಳಗೆ
ಗಾಳಿಯಾಡಲೆಂದು ಕೊರೆದ ಮೂರು ತೂತು,
ಅದರ ಮುಚ್ಚಳ ಸರಿಸಿ, ಬಗ್ಗಿ, ಬಾಯಿಟ್ಟು
ತನ್ನ ಭಾಷೆಯಲ್ಲಿ
ಸರಿಯಾದ ಅಂಕಿಯನ್ನು
ಡೌನ್‌ಟೌನಿಗೆ ಕೂಗಿ ಹೇಳಿದಳು.

ಗೋಪುರ ಕಣ್ಣು ಮಿಟುಕಿಸಿ
ಮಾತು ಬದಲಿಸಿತು: ಹನ್ನೊಂದು ಗಂಟೆ ಏಳು ನಿಮಿಷ.

ಹಿತ್ತಿಲಲ್ಲಿ, ಕೈಯಲ್ಲಿ ತಂತಿಯ ತುದಿ ಹಿಡಿದು ನಿಂತಿದ್ದ
ತೆಸ್ಫಾಯೆ
ಓಗೊಟ್ಟ.