ತೆರೆದವರ ಪಟ್ಟಿ

ಯಾರಿಗೆ ಯಾವ ರೋಗವೋ ನನಗೆ ಗೊತ್ತಿಲ್ಲ,
ಅದು ನನ್ನ ಕೆಲಸವೂ ಅಲ್ಲ.
ಎಸ್ಟೋನಿಯಾದ ಪ್ಯಾರ್ನು ಊರಲ್ಲಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಕೂತು
ಯಾರ ಕಡತವನ್ನು ಯಾರು ತೆರೆದರು, ಎಷ್ಟು ಹೊತ್ತಿಗೆ,
ಎಷ್ಟು ಸೆಕೆಂಡು ನೋಡಿದರು
ಇಷ್ಟನ್ನೇ ಓದುತ್ತೇನೆ,
ಔತಣದ ಮನೆಯೊಳಕ್ಕೆ ಕಾಲಿಡದೆ
ಹೊಸ್ತಿಲಲ್ಲಿ ಬಿಟ್ಟ ಹಿಮದ ಬೂಟುಗಳನ್ನು ಎಣಿಸುವವಳ ಹಾಗೆ.

ಸೋಮವಾರ ಬಂತೆಂದರೆ ಕೈತುಂಬ ಕೆಲಸ.
ಫುಟ್‌ಬಾಲ್ ಆಟಗಾರನ ಮೊಣಕಾಲು ತಿರುಚಿದ ವಾರ
ನಲವತ್ತೊಂದು ಜನ ಇಣುಕಿದ್ದರು.
ಆ ಕಾಲನ್ನು ಮುಟ್ಟಿದವರು ಆರೇ ಜನ.
ಎಕ್ಸ್-ರೇ ವಿಭಾಗದ ಸಿರ್ಯೆ
ಮಗಳ ಹೊಸ ಗೆಳೆಯನ ರಕ್ತಪರೀಕ್ಷೆ ನೋಡಿಬಿಟ್ಟಿದ್ದಳು.
‘ತಾಯಿ ಅಲ್ಲವೇ ನಾನು?’ ಅಂದಳು.
‘ಅವಳಿಗೆ. ಅವನಿಗಲ್ಲ’ ಅಂದೆ.
ಅಂದಿನಿಂದ ಕ್ಯಾಂಟೀನಿನಲ್ಲಿ
ನನ್ನ ಮೇಜಿಗೆ ಯಾರೂ ಬರುವುದಿಲ್ಲ.
ಇರಲಿ. ಸೂಪು ಬಿಸಿಯಾಗಿಯೇ ಇರುತ್ತದೆ.

ನವೆಂಬರಿನಲ್ಲಿ ಒಂದು ಹೆಸರು ಕಣ್ಣಿಗೆ ಚುಚ್ಚಿತು.
ಹೆಯ್ಕಿ ಓಯವೆರೆ, ಔಷಧ ಉಗ್ರಾಣ.
ಬೆಳಗಿನ ಜಾವ ಮೂರು ಹತ್ತು. ಹನ್ನೊಂದು ಸೆಕೆಂಡು.
ಮರುದಿನ ಮೂರು ಹದಿನಾಲ್ಕು. ಒಂಬತ್ತು ಸೆಕೆಂಡು.
ಹೀಗೆ ಹತ್ತೊಂಬತ್ತು ರಾತ್ರಿ
ಒಂದೇ ಕಡತ, ನಾಲ್ಕನೇ ಮಹಡಿಯ ಹಿಲ್ಯಾ ಎಂಬ ಹೆಂಗಸಿನದು.
ಅವಳಿಗೂ ಅವನ ತಳ್ಳುಗಾಡಿಗೂ ಯಾವ ನಂಟೂ ಇಲ್ಲ.

ಕರೆಸಿದೆ. ಬಂದ.
ಉಣ್ಣೆಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು
ಅದರ ಒಂದು ಎಳೆಯನ್ನೇ ಎಳೆಯುತ್ತ ಕೂತ.
‘ಏನು ಓದಿದಿರಿ?’
‘ಓದಲಿಲ್ಲ. ಪೊಟ್ಯಾಸಿಯಂ ಅಂದರೇನು, ನನಗೆ ತಿಳಿಯುತ್ತದೆಯೇ?
ಹೊಸ ಸಾಲು ಬಂದಿದೆಯಾ ಅಂತ ನೋಡುತ್ತಿದ್ದೆ.
ಬಂದಿದ್ದರೆ ಇದ್ದಾಳೆ ಅಂತ.’
ಅಕ್ಕ. ಹನ್ನೆರಡು ವರ್ಷದಿಂದ ಮಾತಿಲ್ಲ.
ಅಪ್ಪನ ದೋಣಿ ಮಾರಿದ ವಿಷಯ.
ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ತನಿಖೆಗೆಂದು ಒಂದೇ ಒಂದು ಹಾಳೆ ತೆಗೆಯಬೇಕಾಯಿತು.
ನಿಮ್ಮ ಸ್ಥಿತಿಯನ್ನು ಯಾರಿಗೆ ತಿಳಿಸಬಹುದು?
ಆ ಖಾನೆಯಲ್ಲಿ, ಸೇರಿದ ದಿನವೇ, ದಪ್ಪ ಅಕ್ಷರದಲ್ಲಿ:
ಯಾರಿಗೂ ಬೇಡ.
ಆ ‘ಯಾರಿಗೂ’ ಒಳಗೆ ಅವನೂ ಇದ್ದ.
ಬಹುಶಃ ಅವನೊಬ್ಬನೇ ಇದ್ದ.

ಕರುಳು ಒಂದು ಕಡೆ ಎಳೆಯಿತು, ಕೈ ಒಂದು ಕಡೆ ಬರೆಯಿತು.
ಎಚ್ಚರಿಕೆ ಪತ್ರ. ಪಾಸ್‌ವರ್ಡ್ ರದ್ದು.
ಗುಟ್ಟು ಅವಳದು, ಬೀಗವೂ ಅವಳದು,
ಪ್ರೀತಿಯಿಂದ ಒಡೆದರೂ ಬೀಗ ಒಡೆದದ್ದೇ.
ಇದನ್ನು ಅವನಿಗೆ ಹೇಳಿದೆ. ತಲೆಯಾಡಿಸಿದ.
ಬಾಗಿಲ ಬಳಿ ನಿಂತು, ‘ಹಾಗಾದರೆ ಇವತ್ತು ರಾತ್ರಿ?’ ಅಂದ.
ನನ್ನ ಬಳಿ ಉತ್ತರವಿರಲಿಲ್ಲ. ಇದ್ದಿದ್ದರೂ ಕೊಡುವಂತಿರಲಿಲ್ಲ.

ಇನ್ನೊಂದು ನಿಯಮವಿದೆ ನಮ್ಮಲ್ಲಿ.
ಕಡತ ಯಾರದೋ ಅವರಿಗೂ ತಿಳಿಸಬೇಕು.
ಹಾಗಾಗಿ ನಾನೇ, ಹಿಲ್ಯಾಗೆ, ಒಣ ಭಾಷೆಯಲ್ಲಿ:
ಕೆಳಕಂಡ ದಿನಾಂಕಗಳಂದು, ಕೆಳಕಂಡ ವೇಳೆಗೆ,
ಕೆಳಕಂಡ ವ್ಯಕ್ತಿ, ಅನುಮತಿಯಿಲ್ಲದೆ,
ನಿಮ್ಮ ಕಡತವನ್ನು ತೆರೆದಿರುತ್ತಾರೆ.
ಹತ್ತೊಂಬತ್ತು ಸಾಲು. ಹತ್ತೊಂಬತ್ತು ಸಲ ಅದೇ ಹೆಸರು.
ಮುದ್ರಿಸುವಾಗ ಎರಡನೇ ಪುಟಕ್ಕೆ ಹೋಯಿತು.
ಒಂದೇ ಪುಟಕ್ಕೆ ಕೂರಿಸಲು ಅಕ್ಷರ ಸಣ್ಣ ಮಾಡಬಹುದಿತ್ತು.
ಮಾಡಲಿಲ್ಲ.

ಗುರುವಾರದ ಪಟ್ಟಿಯಲ್ಲಿ
ರೋಗಿ ಸ್ವತಃ ತನ್ನ ಅನುಮತಿ ಹಾಳೆ ತೆರೆದದ್ದು ಕಂಡಿತು.
ಬೆಳಗಿನ ಜಾವ ಮೂರು ಹನ್ನೆರಡು.
ನಲವತ್ತು ನಿಮಿಷ ತೆರೆದೇ ಇತ್ತು.
ತಿದ್ದಲಾಗಿದೆ ಎಂಬ ಗುರುತು ಮುಂದಿದೆ.
ಏನನ್ನು ತಿದ್ದಿದಳೆಂದು ಪಟ್ಟಿ ಹೇಳುವುದಿಲ್ಲ.

ಒಂದು ಸಲ ಒತ್ತಿದರೆ ಸಾಕು, ಕಾಣುತ್ತದೆ.
ತನಿಖೆ ಮುಗಿದಿದೆ, ನನಗೀಗ ಕಾರಣವಿಲ್ಲ.
ಒತ್ತಿದರೆ ಆ ಪಟ್ಟಿಯ ಕೊನೆಗೆ
ನನ್ನ ಹೆಸರು ಬಂದು ಕೂರುತ್ತದೆ.

ಬೆರಳು ಇಲಿಯ ಮೇಲೆಯೇ ಇದೆ.
ಬಾಯ್ಲರು ಗೊಣಗುತ್ತಿದೆ.
ಎದ್ದು, ಕೋಟು ಹಾಕಿಕೊಳ್ಳುತ್ತೇನೆ.