ಮೆಟ್ಟಿಲ ತಿರುವಿನ ಗಿಡ

ಗುಟ್ಟಹಳ್ಳಿಯ ಮೂರನೇ ಅಡ್ಡರಸ್ತೆ, ಎರಡಂತಸ್ತಿನ ಕಟ್ಟಡ.
ಮೆಟ್ಟಿಲು ತಿರುಗುವಲ್ಲಿ, ಪೇಂಟಿನ ಹಳೇ ಬಕೀಟಿನಲ್ಲಿ
ಒಂದು ಮನಿಪ್ಲಾಂಟು.
ಯಾರದೆಂದು ಕೇಳಬೇಡಿ. ಹಿಂದಿನ ಬಾಡಿಗೆಯವರು
ಟೆಂಪೋದಲ್ಲಿ ಜಾಗ ಸಾಲದೆ ಬಿಟ್ಟುಹೋದದ್ದು.

ಆಷಾಢದಲ್ಲಿ ಅದು ಬಿಳಿಚಿಕೊಂಡಿತು.
ಮೊದಲು ಬುಡದ ಎಲೆ, ಆಮೇಲೆ ಅದರ ಮೇಲಿನದು,
ನೆನ್ನೆಯ ಮಜ್ಜಿಗೆಹುಳಿಯ ಬಣ್ಣ.

ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುವವಳು ನಾನು.
ಕೆಳರೆಪ್ಪೆ ಎಳೆದು ನೋಡಿದರೆ ಸಾಕು,
ಹಿಮೋಗ್ಲೋಬಿನ್ ಎಂಟೋ ಒಂಬತ್ತೋ ಹೇಳಿಬಿಡುತ್ತೇನೆ.
ಎಲೆಗೆ ರೆಪ್ಪೆಯಿಲ್ಲ.
ಕಬ್ಬಿಣವೇ ಕಮ್ಮಿ ಇರಬೇಕೆಂದು
ತುಕ್ಕು ಹಿಡಿದ ನಾಲ್ಕು ಮೊಳೆ ಮಣ್ಣಿಗೆ ಚುಚ್ಚಿದೆ.
ಮೊಟ್ಟೆಸಿಪ್ಪೆ ಪುಡಿಮಾಡಿ ಉದುರಿಸಿದೆ.
ಡ್ಯೂಟಿ ಮುಗಿಸಿ ಬಂದಾಗೆಲ್ಲ ಒಂದು ಚೊಂಬು ನೀರು.
ಅದು ಇನ್ನೂ ಬಿಳಿಚಿತು.

ಮೇಲಿನ ಮನೆಯ ಅಂತೋಣಿಯಮ್ಮನಿಗೂ ನನಗೂ ಮಾತಿಲ್ಲ.
ಸಂಪಿನ ಮೋಟಾರು, ಅದರ ಕರೆಂಟು ಬಿಲ್ಲು,
ಕಾವೇರಿ ನೀರು ಬರುವ ದಿನ ಯಾರು ಮೊದಲು ಎನ್ನುವುದು.
ಏಪ್ರಿಲಿನಿಂದ ಎದುರಾದಾಗೆಲ್ಲ
ಇಬ್ಬರೂ ಗಿಡವನ್ನೇ ನೋಡುತ್ತ ಹಾದುಹೋಗುತ್ತೇವೆ.

ಒಂದು ಎಲೆ ಕಿತ್ತು ಟಿಫಿನ್ ಡಬ್ಬಿಯಲ್ಲಿಟ್ಟು
ಸಿದ್ದಾಪುರದ ನರ್ಸರಿಗೆ ಒಯ್ದೆ, ಸ್ಯಾಂಪಲ್ ಒಯ್ದ ಹಾಗೆ.
ಮುನಿನಂಜಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.
‘ಹಳೇ ಎಲೆಯಾ, ಚಿಗುರಾ?’
‘ಹಳೇದು.’
‘ಚಿಗುರು ಹಳದಿಯಾಗಿ ನರ ಮಾತ್ರ ಹಸುರಿದ್ರೆ
ಕಬ್ಬಿಣ ಅನ್ನಬಹುದಿತ್ತು.
ಬೋರಿನ ನೀರಲ್ಲಿ ಸುಣ್ಣ ಜಾಸ್ತಿ,
ಮಣ್ಣಲ್ಲಿರೋ ಕಬ್ಬಿಣಾನೂ ಬೇರಿಗೆ ಸಿಗಗೊಡಲ್ಲ.
ಇದು ಬೇರೆ ಕಾಯಿಲೆ. ಬೆರಳು ಇಳಿಸಿ ನೋಡಿ, ಎರಡು ಗೆಣ್ಣು.
ಒದ್ದೆ ಸಿಕ್ಕಿದ್ರೆ, ಅಮ್ಮಾ,
ನೀವು ಕುಡಿಸಿ ಕುಡಿಸಿ ಅದರ ಉಸಿರು ಕಟ್ಟಿಸ್ತಿದ್ದೀರಿ.’

ಒಂದೇ ಚೊಂಬಿಗೆ ಉಸಿರು ಕಟ್ಟುವುದೆ?

ಮಾರನೆ ಬೆಳಗ್ಗೆ ಆರಕ್ಕೆ
ಮಣ್ಣಲ್ಲಿ ಬೆರಳಿಟ್ಟು ಮೆಟ್ಟಿಲ ಮೇಲೆ ಕೂತಿದ್ದೆ.
ಮೇಲಿಂದ ಚಪ್ಪಲಿ ಸದ್ದು.
ಅಂತೋಣಿಯಮ್ಮ. ಒಂದು ಕೈಯಲ್ಲಿ ಮಗ್ಗು,
ಇನ್ನೊಂದರಲ್ಲಿ ಫಿಲ್ಟರಿನ ತಳದ ಕಾಫಿ ಗಸಿ.
‘ನೀನೂ ಹಾಕ್ತಿದ್ದೀಯಾ?’ ಅಂದರು.

ನಗು ಬಂತು, ನನಗೇ ಮೊದಲು.

ಬಕೀಟು ಮಗುಚಿದೆವು. ತಳದಲ್ಲಿ ತೂತೇ ಇಲ್ಲ.
ಬೇರು ಕಂದಾಗಿ, ಲೋಳೆಯಾಗಿ, ಮೋರಿಯ ವಾಸನೆ;
ಮಧ್ಯೆ ಮಾತ್ರ ಎರಡೆಳೆ ಬಿಳಿ, ಗಟ್ಟಿ.
ಕೊಳೆತದ್ದನ್ನು ನಾನು ಕತ್ತರಿಸಿದೆ.
ಅವರು ಸ್ಕ್ರೂಡ್ರೈವರನ್ನು ಗ್ಯಾಸಿನ ಉರಿಗೆ ಹಿಡಿದು
ಪ್ಲಾಸ್ಟಿಕ್ಕಿಗೆ ಐದು ತೂತು ಹಾಕಿದರು,
ಕೆಮ್ಮುತ್ತ, ಯಾರನ್ನೋ ಬೈಯುತ್ತ.
ಹೊಸ ಮಣ್ಣು, ಒಂದು ಹಿಡಿ ಮರಳು, ತೆಂಗಿನ ನಾರಿನ ಪುಡಿ.
ಕಿಟಕಿಯ ಕಡೆಗೆ ಎರಡಡಿ ಸರಿಸಿದೆವು.

ಬಿಳಿಚಿದ ಎಲೆ ಮತ್ತೆ ಹಸುರಾಗುವುದಿಲ್ಲ,
ಚಿವುಟಿಬಿಡಿ ಎಂದಿದ್ದ ಮುನಿನಂಜಪ್ಪ.
ಒಂದನ್ನು ಅವರು ಚಿವುಟಗೊಡಲಿಲ್ಲ.
‘ಇರಲಿ ಬಿಡು, ಅದಾಗಿ ಬೀಳಲಿ.’

ಮೋಟಾರಿನ ಬಿಲ್ಲು ಇನ್ನೂ ಬಾಕಿ. ಅದರ ಮಾತೆತ್ತಿಲ್ಲ.

ಈಗ ಬೀಡಿಯಂತೆ ಸುರುಳಿ ಸುತ್ತಿದ ಒಂದು ಚಿಗುರು ಬಂದಿದೆ.
ಸಂಜೆ ನೀರು ಬೇಕೇ ಎಂದು ಬೆರಳಿಳಿಸಲು ಹೋದರೆ
ಮಣ್ಣಿನಲ್ಲಿ ಆಗಲೇ ಒಂದು ಕುಳಿ,
ಎರಡು ಗೆಣ್ಣು ಆಳ,
ನನ್ನ ಬೆರಳಿಗಿಂತ ದಪ್ಪ.